ಅಪಘಾತವೂ ನಷ್ಟಪರಿಹಾರವೂ

ಈ ಹೊತ್ತು ನಾವು ಹೇಳಬೇಕೆಂದಿರುವ ವಿಷಯವು ಕಿವಿಗೆ ಇಂಪಾದುದಲ್ಲ. ಮನೆಯಲ್ಲಿ ದುಡಿಯುವವನೊಬ್ಬನು ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗದೆ ಹೋದರೆ, ಅಥವಾ ಕೈಯನ್ನೋ ಕಾಲನ್ನೋ ಕಳೆದುಕೊಂಡು ಹಿಂದಿರುಗಿದರೆ, ಆ ಮನೆಯವರಿಗೆ ಕಾನೂನಿನ ಮೂಲಕ ದೊರೆಯತಕ್ಕುದು ಏನು, ಅದನ್ನು ಯಾರಲ್ಲಿ, ಯಾವಾಗ, ಹೇಗೆ ಕೇಳಬೇಕು ಎಂಬುದೇ ನಮ್ಮ ವಿಷಯ. ನಗರವಾಸಿಗಳಾದ ವಿದ್ಯಾವಂತರಿಗೆ ಇದೇಕೆಂದು ಕೆಲವರು ಕೇಳಬಹುದು. ದಾವಣಗೆರೆ, ಶಿವಮೊಗ್ಗ, ಬೆಂಗಳೂರುಗಳಲ್ಲಿ ನೆಲಸಿರುವ ನಮ್ಮಲ್ಲಿ ಅನೇಕರಿಗೆ ಚನ್ನಗಿರಿಯಲ್ಲೋ ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಜಗಳೂರಿನಲ್ಲೋ ದಾಯಾದಿಗಳೂ ನೆಂಟರೂ ಇದ್ದೇ ಇರುತ್ತಾರೆ. ಅನಾಹುತವಾದ ರಾತ್ರಿ ಅವರಿಂದ ನಮಗೆ ದೂರವಾಣಿಯ ಕರೆ ಬರುತ್ತದೆ. "ನೀವು ಓದಿದವರು, ಈಗ ಏನು ಮಾಡಬೇಕು ಹೇಳಿ" ಎಂಬುದೊಂದೇ ಮಾತು. ಆಗ ನಾವು ಕೊಡುವ ಉತ್ತರವು ಬಹುಪಾಲು ಸಮಾಧಾನದ ಉತ್ತರವಾಗಿರುತ್ತದೆಯೇ ಹೊರತು ಉಪಯೋಗದ ಉತ್ತರವಾಗಿರುವುದಿಲ್ಲ.

1997ರಲ್ಲಿ ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಅದಕ್ಕೆ ಸೇರಿದುವು. ನ್ಯಾಮತಿಯು ಅನಂತರ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಒಂದೇ ಜಿಲ್ಲೆಯಾದರೂ ಇವುಗಳ ಬಾಳು ಒಂದೇ ಬಗೆಯದಲ್ಲ. ಆದುದರಿಂದ ಇವುಗಳಲ್ಲಿ ಒದಗುವ ಅಪಾಯಗಳೂ ಒಂದೇ ಬಗೆಯವಲ್ಲ. ಚನ್ನಗಿರಿಯಲ್ಲಿ ಅಡಕೆಯ ತೋಟ. ಅಲ್ಲಿ ಮರದಿಂದ ಬೀಳುವುದು, ಕೊನೆ ಕೊಯ್ಯುವ ಲೋಹದ ದೋಟಿ ವಿದ್ಯುತ್ತಿನ ತಂತಿಗೆ ತಗಲುವುದು. ಹೊನ್ನಾಳಿ ನ್ಯಾಮತಿಗಳಲ್ಲಿ ಗದ್ದೆಗೂ ಹೊಲಕ್ಕೂ ಆಳುಗಳನ್ನು ತುಂಬಿಕೊಂಡು ಹೋಗುವ ಟ್ರಾಕ್ಟರು, ಹರಿಹರದಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯ ವೇಗ. ಜಗಳೂರು ಮಳೆಯನ್ನು ನಂಬಿದ ಒಣಸೀಮೆ. ಅಲ್ಲಿಂದ ಕೂಲಿಗೆ ದೂರದ ಊರಿಗೆ ಹೋದವನು ಅಲ್ಲಿಯ ಕಟ್ಟಡದ ಸಾರುವೆಯಿಂದ ಬಿದ್ದರೆ, ಮನೆಯವರಿಗೆ ಆ ಊರಿನ ದಾರಿಯೂ ತಿಳಿದಿರುವುದಿಲ್ಲ.

ಎಲ್ಲ ಪ್ರಶ್ನೆಗಳಿಗಿಂತ ಮೊದಲು ಬರುವುದು, ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆ. ಸತ್ತವನ ಮೇಲೆ ಹಣ ಕೇಳುವುದು ಸರಿಯೇ? "ಹೋದ ಜೀವ ಬರುತ್ತದೆಯೇ? ಹೆಣದ ದುಡ್ಡು ನಮಗೆ ಬೇಡ" ಎಂದು ಹೇಳುವ ತಾಯಂದಿರನ್ನು ನಾವು ಕಂಡಿದ್ದೇವೆ. ಆ ಮಾತಿನಲ್ಲಿರುವ ದುಃಖಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅದರಲ್ಲಿರುವ ತಿಳಿವಳಿಕೆ ತಪ್ಪಾದುದು. ಕಾನೂನು ಜೀವಕ್ಕೆ ಬೆಲೆ ಕಟ್ಟುವುದೇ ಇಲ್ಲ. ಹಿಂದೆ ಇಂಗ್ಲೆಂಡಿನ ನ್ಯಾಯಾಧೀಶರಿಗೂ ಇದೇ ತೊಡಕು ಬಂದಿತ್ತು. 1808ರಲ್ಲಿ ಕುದುರೆಗಾಡಿಯೊಂದು ಮಗುಚಿ ಹೆಂಡತಿಯನ್ನು ಕಳೆದುಕೊಂಡ ಗಂಡನೊಬ್ಬನು ದಾವಾ ಹೂಡಿದಾಗ, ಲಾರ್ಡ್ ಎಲೆನ್‌ಬರೋ ಎಂಬ ನ್ಯಾಯಾಧೀಶರು, ಮನುಷ್ಯನ ಮರಣವು ಸಿವಿಲ್ ನ್ಯಾಯಾಲಯದಲ್ಲಿ ದೂರತಕ್ಕ ಹಾನಿಯೇ ಅಲ್ಲವೆಂದು ತೀರ್ಮಾನಿಸಿದರು. ಆಕೆ ಏಟು ಬಿದ್ದಮೇಲೆ ಒಂದು ತಿಂಗಳು ಬದುಕಿದ್ದಳು. ಆ ಒಂದು ತಿಂಗಳ ಸಾಹಚರ್ಯದ ನಷ್ಟಕ್ಕೆ ಮಾತ್ರ ಗಂಡನಿಗೆ ಪರಿಹಾರ ಸಿಕ್ಕಿತು. ಅಂದರೆ ಗಾಯಪಡಿಸಿದವನು ಹಣ ತೆರಬೇಕು, ಕೊಂದವನು ತೆರಬೇಕಾಗಿಲ್ಲ ಎಂದಾಯಿತು! ರೈಲುಗಾಡಿಗಳು ಬಂದು ಸಾವುಗಳು ಹೆಚ್ಚಿದ ಮೇಲೆ ಈ ವೈಪರೀತ್ಯವು ಸಹಿಸಲಾಗದಂತಾಗಿ, 1846ರಲ್ಲಿ ಲಾರ್ಡ್ ಕ್ಯಾಂಬೆಲ್ಲರ ಪ್ರಯತ್ನದಿಂದ ಅಲ್ಲಿ ಹೊಸ ಶಾಸನವಾಯಿತು. ಅದೇ ಮಾದರಿಯ ಮಾರಕ ಅಪಘಾತಗಳ ಕಾಯಿದೆಯು ನಮ್ಮ ದೇಶಕ್ಕೆ 1855ರಲ್ಲಿ ಬಂದಿತು. ಅದರ ತಿರುಳು ಇಷ್ಟೆ: ಸತ್ತವನನ್ನು ನೆಚ್ಚಿಕೊಂಡಿದ್ದವರಿಗೆ ತಪ್ಪಿಹೋದ ಆಸರೆ ಎಷ್ಟು? ಅದನ್ನು ತಪ್ಪಿತಸ್ಥನು ತುಂಬಿಕೊಡಲಿ. ಹೆಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗಳ ಓದು, ಮುದುಕಿಯ ಔಷಧಿ, ಮುಂದಿನ ಸುಗ್ಗಿಯವರೆಗಿನ ಅಕ್ಕಿ, ಇವಕ್ಕೆ ಸಂಬಂಧ.

ಎರಡನೆಯ ಪ್ರಶ್ನೆಯನ್ನು ಯಾರೂ ಸಕಾಲದಲ್ಲಿ ಕೇಳುವುದಿಲ್ಲವೆಂಬುದೇ ನಮ್ಮ ದೊಡ್ಡ ಕೊರಗು. ಮೊದಲ ಎರಡು ಮೂರು ದಿನಗಳಲ್ಲಿ ಏನು ಮಾಡಬೇಕು? ನ್ಯಾಯಾಲಯದಲ್ಲಿ ಸೋಲುವ ಎಷ್ಟೋ ಅರ್ಜಿಗಳು ಸೋಲುವುದು ವಾದದಲ್ಲಿ ಅಲ್ಲ, ಆಸ್ಪತ್ರೆಯ ಬಾಗಿಲಲ್ಲಿ. ಗಾಯಾಳುವನ್ನು ಕರೆತಂದವರನ್ನು "ಹೇಗಾಯಿತು?" ಎಂದು ಅಲ್ಲಿ ಕೇಳುತ್ತಾರೆ. ಪೊಲೀಸಿನ ಗೊಡವೆ ಬೇಡವೆಂದೋ, ಚಿಕಿತ್ಸೆ ತಡವಾದೀತೆಂದೋ, "ಬೈಕಿನಿಂದ ತಾನೇ ಬಿದ್ದ" ಎಂದು ಹೇಳಿಬಿಡುತ್ತಾರೆ. ಆ ಸಾಲು ದಾಖಲೆಯ ಪುಸ್ತಕದಲ್ಲಿ ಉಳಿದುಬಿಡುತ್ತದೆ. ಎರಡು ತಿಂಗಳು ಕಳೆದು, ಹಿಂದಿನಿಂದ ಬಂದ ಲಾರಿಯೇ ಗುದ್ದಿತೆಂದು ಅರ್ಜಿ ಹಾಕಿದಾಗ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನು ಎತ್ತಿ ತೋರಿಸುತ್ತಾರೆ. ನಡೆದುದನ್ನು ನಡೆದಂತೆಯೇ ಮೊದಲ ಬಾಯಿಗೇ ಹೇಳಿಸಿರಿ. ಪೊಲೀಸ್ ಠಾಣೆಗೆ ದೂರು ಅಂದೇ ಹೋಗಲಿ. ತಡವಾದ ಮಾತ್ರಕ್ಕೆ ಪರಿಹಾರವನ್ನು ನಿರಾಕರಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿದೆ. ಆದರೆ ತಡವಾದುದೇಕೆಂದು ವಿವರಿಸಬೇಕಾದ ಭಾರವು ನಮ್ಮ ಮೇಲೆ ಬೀಳುತ್ತದೆ.

ಸಾವು ಸಂಭವಿಸಿದ್ದರೆ ಶವಪರೀಕ್ಷೆಯ ಮಾತು ಬರುತ್ತದೆ. "ಕೊಯ್ಯುವುದು ಬೇಡ, ಹಾಗೆಯೇ ಕೊಡಿ" ಎಂದು ಹಿರಿಯರು ಅಂಗಲಾಚುವುದುಂಟು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಆ ಸಾವು ಆ ಗಾಯದಿಂದಲೇ ಆಯಿತೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ. ಗಾಯಾಳುವು ಎರಡು ತಿಂಗಳು ಮಂಚದ ಮೇಲಿದ್ದು ಮನೆಯಲ್ಲೇ ತೀರಿಕೊಂಡರಂತೂ ಇದರ ಅಗತ್ಯವು ಇಮ್ಮಡಿ; ಶವಪರೀಕ್ಷೆಯಿಲ್ಲದೆ ಸುಟ್ಟುಬಿಟ್ಟರೆ ಮರಣದ ಕಾರಣವನ್ನು ತೋರಿಸುವುದು ಬಹಳ ಕಷ್ಟವಾಗುತ್ತದೆ.

ಇನ್ನು ರಾಜಿ ಪಂಚಾಯಿತಿ. ಹನ್ನೊಂದನೆಯ ದಿನದೊಳಗಾಗಿ ವಾಹನದ ಮಾಲೀಕನ ಕಡೆಯವರು ಊರಿನ ನಾಲ್ವರು ಹಿರಿಯರೊಡನೆ ಬಂದು ಕೂರುತ್ತಾರೆ. ಖರ್ಚಿಗೆಂದು ಐವತ್ತು ಸಾವಿರವೋ ಲಕ್ಷವೋ ಕೈಗಿಟ್ಟು, ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. "ಮುಂದೆ ಯಾವ ತಕರಾರೂ ಇಲ್ಲ" ಎಂದು ಅದರಲ್ಲಿ ಬರೆದಿರುತ್ತದೆ. ಅಜಾಗರೂಕತೆಯಿಂದ ಸಾವನ್ನುಂಟುಮಾಡಿದ ಅಪರಾಧವು ಇಂಥ ಕಾಗದದಿಂದ ತೀರಿಹೋಗುವಂಥದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದ ಖಟ್ಲೆಯು ತನ್ನ ದಾರಿಯಲ್ಲಿ ತಾನು ನಡೆಯುತ್ತದೆ. ಆದರೆ ಪರಿಹಾರದ ಅರ್ಜಿಯಲ್ಲಿ ಆ ಹೆಬ್ಬೆಟ್ಟು ಎದುರುಪಕ್ಷದ ಕೈಯ ಆಯುಧವಾಗುವುದು. ಇದರಲ್ಲಿ ವಿಷಾದವೇನೆಂದರೆ, ವಾಹನಕ್ಕೆ ವಿಮೆಯಿದ್ದಲ್ಲಿ ಹಣವು ಮಾಲೀಕನ ಕಿಸೆಯಿಂದ ಹೋಗುವುದೇ ಇಲ್ಲ. ವಿಮಾ ಕಂಪನಿಯು ಕೊಡತಕ್ಕ ಇಪ್ಪತ್ತು ಲಕ್ಷವನ್ನು ಉಳಿಸಲು ಊರಿನ ಹಿರಿಯರು ಜಗಲಿಯ ಮೇಲೆ ಕುಳಿತು ಬೆವರು ಸುರಿಸುತ್ತಾರೆ! ಏನೇ ಆಗಲಿ, ಮೊದಲ ತಿಂಗಳಲ್ಲಿ ಓದಿಸದ ಕಾಗದಕ್ಕೆ ಯಾರೂ ಸಹಿ ಹಾಕದಂತೆ ನೋಡಿಕೊಳ್ಳುವುದು ನಗರದಲ್ಲಿರುವ ನೆಂಟನು ಮಾಡಬಹುದಾದ ದೊಡ್ಡ ಉಪಕಾರ.

ಅರ್ಜಿಯನ್ನು ಎಲ್ಲಿ ಹಾಕಬೇಕು? ರಸ್ತೆಯ ಅಪಘಾತಗಳಿಗೆ 1988ರ ಮೋಟಾರು ವಾಹನ ಕಾಯಿದೆಯಡಿ ಪ್ರತ್ಯೇಕ ನ್ಯಾಯಾಧಿಕರಣವುಂಟು. ಅಪಘಾತವಾದ ಸ್ಥಳದಲ್ಲಿಯೇ ಅರ್ಜಿ ಹಾಕಬೇಕೆಂಬ ನಂಬಿಕೆ ಬಹಳ ಜನಕ್ಕಿದೆ; ಅದು ಸರಿಯಲ್ಲ. ಅರ್ಜಿದಾರನು ವಾಸಿಸುವ ಸ್ಥಳದ ನ್ಯಾಯಾಧಿಕರಣದಲ್ಲಿಯೂ ಹಾಕಬಹುದು. ಜಗಳೂರಿನವನೊಬ್ಬನು ಬೆಂಗಳೂರಿನ ರಸ್ತೆಯಲ್ಲಿ ಸತ್ತರೆ ಅವನ ಹೆಂಡತಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯಲ್ಲಿಯೇ ಕೇಳಬಹುದು. ಸಾಕ್ಷ್ಯದ ವಿಷಯದಲ್ಲಿಯೂ ಇಲ್ಲಿ ಅಪರಾಧದ ಖಟ್ಲೆಯಷ್ಟು ಬಿಗಿಯಿಲ್ಲ. ಸಂಶಯಾತೀತವಾದ ರುಜುವಾತು ಬೇಕಿಲ್ಲ. ಯಾವ ಸಂಗತಿ ಹೆಚ್ಚು ಸಂಭಾವ್ಯವೋ ಅದು ಸಾಕು. ಆದುದರಿಂದ ಚಾಲಕನು ಕ್ರಿಮಿನಲ್ ನ್ಯಾಯಾಲಯದಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿಯು ಬಿದ್ದುಹೋಗುವುದಿಲ್ಲ.

ವಾಯಿದೆಯ ವಿಷಯದಲ್ಲಿ ಎಚ್ಚರಿಕೆ ಬೇಕು. 1994ರ ತಿದ್ದುಪಡಿಯಿಂದ ಕಾಲದ ಮಿತಿಯು ತೆಗೆದುಹಾಕಲ್ಪಟ್ಟಿತ್ತು; ಹಳೆಯ ವಕೀಲರೂ ಗುಮಾಸ್ತರೂ "ಯಾವಾಗ ಹಾಕಿದರೂ ನಡೆಯುತ್ತದೆ" ಎನ್ನುತ್ತಿದ್ದುದು ಆ ಬಲದ ಮೇಲೆ. 2019ರ ತಿದ್ದುಪಡಿಯು 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿಯನ್ನು ಮತ್ತೆ ತಂದಿದೆ. ಇದರ ಸಿಂಧುತ್ವವು ಸರ್ವೋಚ್ಚ ನ್ಯಾಯಾಲಯದ ಮುಂದೆ ಪ್ರಶ್ನಿತವಾಗಿ, ಕಾಲಾತೀತವೆಂಬ ಕಾರಣಕ್ಕಾಗಿ ಅರ್ಜಿಗಳನ್ನು ವಜಾ ಮಾಡಕೂಡದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆಜ್ಞೆಯೂ ಆಯಿತು. ಆದರೆ ಮಧ್ಯಂತರ ಆಜ್ಞೆಯನ್ನು ನೆಚ್ಚಿ ಮಲಗುವುದು ಜಾಣತನವಲ್ಲ. ವರ್ಷಾಬ್ದಿಕ ಕಳೆಯಲಿ ಎಂದು ಕಾಯುವ ನಮ್ಮ ಪದ್ಧತಿಯು ಈ ಆರು ತಿಂಗಳಿಗೆ ನೇರ ವಿರೋಧ. ಪೊಲೀಸರು ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ನ್ಯಾಯಾಧಿಕರಣಕ್ಕೆ ಕಳುಹಿಸತಕ್ಕದ್ದೆಂದೂ, ಆ ವರದಿಯನ್ನೇ ಅರ್ಜಿಯೆಂದು ಭಾವಿಸಬಹುದೆಂದೂ ಕಾಯಿದೆಯಲ್ಲಿದೆ. ಆದರೂ ಮನೆಯವರೇ ವಿಚಾರಿಸಿಕೊಳ್ಳುವುದು ಲೇಸು.

ಇದೇ ತಿದ್ದುಪಡಿಯಿಂದ ಇನ್ನೊಂದು ಬಾಗಿಲು ತೆರೆದಿದೆ. ಅದರ ಹೊಸ್ತಿಲು ಸ್ವಲ್ಪ ಜಾರುತ್ತದೆ. ಯಾರ ತಪ್ಪೆಂದು ತೋರಿಸದೆಯೇ, ಮರಣಕ್ಕೆ 5 ಲಕ್ಷ, ತೀವ್ರಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿಗಳನ್ನು 164ನೆಯ ಪ್ರಕರಣದ ಮೇರೆಗೆ ಪಡೆಯಬಹುದು. ಬೇಗ ಬರುವ ಹಣ. ಆದರೆ ವಿಮಾ ಕಂಪನಿಯ ಮೂಲಕ ಇದನ್ನು ಒಪ್ಪಿ ತೆಗೆದುಕೊಂಡರೆ ನ್ಯಾಯಾಧಿಕರಣದಲ್ಲಿರುವ ಪೂರ್ಣ ಪರಿಹಾರದ ಅರ್ಜಿಯು ಅಲ್ಲಿಗೇ ರದ್ದಾಗುತ್ತದೆ. ಚಿಕ್ಕ ವಯಸ್ಸಿನ ದುಡಿಯುವವನು ಸತ್ತಿರುವ ಕಡೆ ಇದು ಬಹಳ ದುಬಾರಿಯ ಅವಸರ. ಗುದ್ದಿದ ವಾಹನವೇ ಗೊತ್ತಾಗದೆ ಹೋದ ಸಂದರ್ಭಕ್ಕೆ ಬೇರೆ ಯೋಜನೆಯುಂಟು; 2022ರ ಏಪ್ರಿಲಿನಿಂದ ಮರಣಕ್ಕೆ 2 ಲಕ್ಷ, ತೀವ್ರಗಾಯಕ್ಕೆ 50 ಸಾವಿರ. ಅದಕ್ಕೆ ನ್ಯಾಯಾಲಯಕ್ಕೆ ಹೋಗುವುದಲ್ಲ, ತಹಶೀಲ್ದಾರರಂಥ ಕಂದಾಯದ ಅಧಿಕಾರಿಯಲ್ಲಿ ಅರ್ಜಿ.

ಎಷ್ಟು ಹಣ ಬರುತ್ತದೆ? ಇದೇ ಎಲ್ಲರೂ ಕೇಳುವ ಪ್ರಶ್ನೆ. ಇದು ನ್ಯಾಯಾಧೀಶರ ಮರ್ಜಿಯೆಂದು ಜನ ತಿಳಿದಿದ್ದಾರೆ. 2009ರಲ್ಲಿಯೂ 2017ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಎರಡು ತೀರ್ಪುಗಳ ಮೇಲೆ ಅದೀಗ ಬಹುಮಟ್ಟಿಗೆ ಅಂಕಗಣಿತವಾಗಿದೆ. ಮೂವತ್ತನಾಲ್ಕು ವರ್ಷದ ಕೂಲಿಯವನೊಬ್ಬನನ್ನು ಊಹಿಸಿಕೊಳ್ಳಿ. ಹೆಂಡತಿ, ಎರಡು ಮಕ್ಕಳು, ತಾಯಿ ಅವನನ್ನು ನೆಚ್ಚಿದ್ದರು. ತಿಂಗಳಿಗೆ 12,000 ರೂಪಾಯಿ ಸಂಪಾದನೆ. ವಯಸ್ಸು ನಲವತ್ತರೊಳಗಾದುದರಿಂದ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆಂದು ನೂರಕ್ಕೆ ನಲವತ್ತು ಸೇರಿಸಿದರೆ 16,800. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 12,600. ವರ್ಷಕ್ಕೆ 1,51,200. ಮೂವತ್ತೊಂದರಿಂದ ಮೂವತ್ತೈದರ ವಯಸ್ಸಿಗೆ ಗುಣಕವು 16. ಒಟ್ಟು 24,19,200 ರೂಪಾಯಿ. ಅಂತ್ಯಕ್ರಿಯೆ, ಸಾಹಚರ್ಯದ ನಷ್ಟ ಮುಂತಾದುವಕ್ಕೆ ನಿಗದಿಯಾದ ಅಲ್ಪಮೊತ್ತಗಳು ಇದರ ಮೇಲೆ ಸೇರುವುವು. ಅರ್ಜಿಯ ದಿನದಿಂದ ಬಡ್ಡಿಯೂ ಉಂಟು.

ಈಗ ಅದೇ ಮನುಷ್ಯನ ಸಂಪಾದನೆಗೆ ಸರಿಯಾದ ಆಧಾರವಿಲ್ಲವೆಂದು 8,000 ರೂಪಾಯಿ ಮಾತ್ರ ಹಿಡಿದರೆಂದು ಇಟ್ಟುಕೊಳ್ಳಿ. ಲೆಕ್ಕವು 16,12,800ಕ್ಕೆ ಇಳಿಯುತ್ತದೆ. ತಿಂಗಳಿಗೆ ನಾಲ್ಕು ಸಾವಿರದ ವ್ಯತ್ಯಾಸವು ಕೊನೆಗೆ 8,06,400 ರೂಪಾಯಿಯ ವ್ಯತ್ಯಾಸವಾಯಿತು. ಈ ಶಾಸ್ತ್ರದಲ್ಲಿ ಗುಣಕವನ್ನೂ ಶೇಕಡವಾರನ್ನೂ ನ್ಯಾಯಾಲಯ ನೋಡಿಕೊಳ್ಳುತ್ತದೆ. ಮೊದಲ ಅಂಕಿಯನ್ನು ಮಾತ್ರ ಮನೆಯವರು ಒದಗಿಸಬೇಕು. ನಮ್ಮ ಸೀಮೆಯ ದುಡಿಮೆಗೆ ಸಂಬಳದ ಚೀಟಿಯಿಲ್ಲ. ತೋಟದ ಕೂಲಿ, ಹೊಲದ ಕೂಲಿ, ಗಾರೆಯ ಕೆಲಸ, ಎಲ್ಲವೂ ಸಂಜೆಯ ಕೈಹಣ. ಆದರೂ ಆಧಾರವು ಇಲ್ಲವೆಂದಲ್ಲ, ಹುಡುಕುವವರಿಲ್ಲ. ಹಾಲು ಉತ್ಪಾದಕರ ಸಂಘದ ಪುಸ್ತಕ, ಅಡಕೆ ಮಂಡಿಯ ಪಟ್ಟಿ, ಸ್ತ್ರೀಶಕ್ತಿ ಸಂಘದ ಕಂತಿನ ಲೆಕ್ಕ, ಮಕ್ಕಳ ಶಾಲೆಯ ರಸೀದಿ, ಕೆಲಸ ಕೊಟ್ಟ ಮೇಸ್ತ್ರಿಯ ಬಾಯಿಸಾಕ್ಷಿ, ಇವೆಲ್ಲವೂ ಆ ಮನೆಗೆ ತಿಂಗಳಿಗೆ ಎಷ್ಟು ಬರುತ್ತಿತ್ತೆಂಬುದನ್ನು ತೋರಿಸಬಲ್ಲುವು. ಏನೂ ಇಲ್ಲದಿದ್ದರೆ, ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ಲೋಕ ಅದಾಲತ್ತುಗಳಿಗಾಗಿ ವರ್ಷವಾರು ಗೊತ್ತುಮಾಡಿರುವ ಅಂದಾಜು ಆದಾಯದ ಪಟ್ಟಿಯನ್ನು ನಮ್ಮ ಉಚ್ಚ ನ್ಯಾಯಾಲಯವು ಅನುಸರಿಸುತ್ತ ಬಂದಿದೆ.

ಕೂಲಿಯವನ ಬಾಯಿಮಾತಿಗೆ ಬೆಲೆಯೇ ಇಲ್ಲವೆಂದು ಕೈಚೆಲ್ಲುವವರಿಗಾಗಿ ಒಂದು ಸಂಗತಿ. 2004ರಲ್ಲಿ ನಮ್ಮ ಕರ್ನಾಟಕದಲ್ಲಿ ಅಪಘಾತಕ್ಕೀಡಾದ ಮೂವತ್ತೈದು ವರ್ಷದ ಕೂಲಿಯವನೊಬ್ಬನು ತನಗೆ ತಿಂಗಳಿಗೆ 4,500 ರೂಪಾಯಿ ಬರುತ್ತಿತ್ತೆಂದು ಹೇಳಿದನು. ನ್ಯಾಯಾಧಿಕರಣವು ದಾಖಲೆಯಿಲ್ಲವೆಂದು 3,000ವನ್ನೇ ಹಿಡಿಯಿತು. ಆತನು ಬಿಡಲಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ಕಾಲದ ಕೂಲಿಯ ದರಕ್ಕೆ ಈ ಮಾತು ಹೊಂದುತ್ತದೆ, ಇದು ಪ್ರಾಮಾಣಿಕವಾದ ಹೇಳಿಕೆ ಎಂದು ಕಂಡು 4,500ನ್ನೇ ಒಪ್ಪಿತು. ಒಂದೂವರೆ ಸಾವಿರದ ಅಂಕಿಯ ಮೇಲೆ ಕೂಲಿಯವನು ದೆಹಲಿಯವರೆಗೆ ಹೋದನೆಂಬುದನ್ನು ನಾವು ಸಣ್ಣ ವಿಷಯವೆಂದು ಎಣಿಸುವುದಿಲ್ಲ.

ಗೃಹಿಣಿಯ ಮರಣದಲ್ಲಿ ಈ ತೊಡಕು ಇನ್ನೂ ಕಠಿನ. "ಆಕೆಗೆ ಸಂಪಾದನೆಯೇ ಇರಲಿಲ್ಲವಲ್ಲ" ಎಂದು ಗಂಡನೇ ಹೇಳುತ್ತಾನೆ! ಬೆಳಗಿನ ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು, ರೊಟ್ಟಿ ಬಡಿದು, ಮಕ್ಕಳನ್ನು ಕಳುಹಿಸಿ, ಅಡಕೆ ಸುಲಿಯಲು ಕುಳಿತು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲಗುವವಳಿಗೆ ಸಂಪಾದನೆಯಿಲ್ಲವಂತೆ. 1989ರಲ್ಲಿ ಜಮ್‌ಶೆಡ್‌ಪುರದಲ್ಲಿ ನಡೆದ ಬೆಂಕಿಯ ಅನಾಹುತದ ಪ್ರಕರಣವನ್ನು 2001ರಲ್ಲಿ ತೀರ್ಮಾನಿಸುವಾಗ ಸರ್ವೋಚ್ಚ ನ್ಯಾಯಾಲಯವು ಗೃಹಿಣಿಯ ಸೇವೆಯನ್ನು ತಿಂಗಳಿಗೆ 3,000 ರೂಪಾಯಿಯೆಂದು ಎಣಿಸಿತು. 2021ರ ಜನವರಿಯ ತೀರ್ಪಿನಲ್ಲಿ, ಗೃಹಿಣಿಗೂ ಅಂದಾಜು ಆದಾಯವನ್ನು ಗೊತ್ತುಮಾಡಬೇಕು, ಅದರ ಮೇಲೆ ಭವಿಷ್ಯದ ಹೆಚ್ಚಳವನ್ನೂ ಸೇರಿಸಬೇಕು ಎಂದು ಹೇಳಿತು. ಆದುದರಿಂದ ಅರ್ಜಿಯಲ್ಲಿ "ಉದ್ಯೋಗ: ಇಲ್ಲ" ಎಂದು ಬರೆಯಿಸಕೂಡದು. ಆಕೆಯು ಮಾಡುತ್ತಿದ್ದುದನ್ನೆಲ್ಲ ಬರೆಯಿಸಬೇಕು.

ಜಮೀನುದಾರನ ಮನೆಗೆ ಬೇರೊಂದು ಆಕ್ಷೇಪವು ಎದುರಾಗುತ್ತದೆ. "ಯಜಮಾನನು ಸತ್ತರೂ ತೋಟವು ಉಳಿದಿದೆಯಲ್ಲ, ನಷ್ಟವೆಲ್ಲಿ?" ಎಂದು ಕೇಳುವರು. ತೋಟ ಉಳಿದಿರುವುದು ನಿಜವೇ. ಆದರೆ ನೀರು ಬಿಡುವವನು, ಕೊನೆ ಎಣಿಸುವವನು, ಚೇಣಿಯವನೊಡನೆ ಜಗಳವಾಡುವವನು ಹೋದನು. ಆ ಮೇಲ್ವಿಚಾರಣೆಯ ಬೆಲೆಯೇ ನಷ್ಟದ ಅಳತೆ.

ಬದುಕಿ ಉಳಿದ ಗಾಯಾಳುವಿನ ವಿಷಯದಲ್ಲಿ ಒಂದೇ ಮಾತು ಮುಖ್ಯ. ವೈದ್ಯರು ಕಾಲಿಗೆ ನೂರಕ್ಕೆ ನಲವತ್ತು ಊನವೆಂದು ಬರೆದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಬರುತ್ತದೆಂದಲ್ಲ. ಆ ಊನದಿಂದ ಅವನ ಕಸುಬು ಎಷ್ಟು ಕೆಟ್ಟಿತೆಂಬುದೇ ಪ್ರಶ್ನೆಯೆಂದು 2010ರ ಇನ್ನೊಂದು ತೀರ್ಪು ಸ್ಪಷ್ಟಪಡಿಸಿದೆ. ಅಂಗಡಿಯ ಲೆಕ್ಕ ಬರೆಯುವವನಿಗೆ ಕುಂಟುಕಾಲು ದುಃಖ. ಅಡಕೆಯ ಮರ ಹತ್ತುವವನಿಗೆ ಅದು ವೃತ್ತಿಯ ಅಂತ್ಯ. ಕಸುಬಿನ ವಿವರವನ್ನು ಸಾಕ್ಷ್ಯದಲ್ಲಿ ಹೇಳಿಸಬೇಕು. ಪ್ರಮಾಣಪತ್ರ ಕೊಟ್ಟ ವೈದ್ಯರನ್ನು ಸಾಕ್ಷಿಯಾಗಿ ಕರೆಯಿಸಬೇಕು. ಚಿಕಿತ್ಸೆಯ ಖರ್ಚಿನ ಪ್ರಶ್ನೆಗೆ 2025ರ ಮೇ ತಿಂಗಳಿನಿಂದ ಒಂದು ಸಹಾಯ ದೊರೆತಿದೆ: ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತಾದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳವರೆಗೆ, ಹಣ ತೆಗೆದುಕೊಳ್ಳದೆ ಚಿಕಿತ್ಸೆ.

ವಿಮೆಯಿದ್ದರೂ ಹಣ ಬಾರದ ಸಂದರ್ಭಗಳುಂಟೇ? ಉಂಟು, ನಮ್ಮ ಸೀಮೆಯಲ್ಲಿ ಅವೇ ಹೆಚ್ಚು. ಬಿತ್ತನೆಯ ಕಾಲದಲ್ಲಿ ಇಪ್ಪತ್ತು ಮಂದಿ ಹೆಂಗಸರನ್ನು ಟ್ರೇಲರಿನಲ್ಲಿ ನಿಲ್ಲಿಸಿಕೊಂಡು ಹೋಗುವ ಟ್ರಾಕ್ಟರನ್ನು ನೆನೆಯಿರಿ. ಅದು ಜನರನ್ನು ಸಾಗಿಸುವ ವಾಹನವಲ್ಲ. ಸರಕಿನ ವಾಹನದಲ್ಲಿ ಸುಮ್ಮನೆ ಕೂತು ಹೋಗುವವರಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂಬುದು ಎರಡು ದಶಕಗಳಿಂದ ಗಟ್ಟಿಯಾಗಿರುವ ನ್ಯಾಯ. ಕೆಲವು ಸಲ ಕಂಪನಿಯು ಮೊದಲು ಕೊಟ್ಟು ಅನಂತರ ಮಾಲೀಕನಿಂದ ವಸೂಲು ಮಾಡಲೆಂದು ಆಜ್ಞೆಯಾಗುತ್ತದೆ. ಕೆಲವು ಸಲ ಅದೂ ಇಲ್ಲ. ಆಗ ಹೊಣೆಯೆಲ್ಲ ಮೂರು ಎಕರೆಯ ಮಾಲೀಕನ ಮೇಲೆ ಬಿದ್ದು, ತೀರ್ಪು ಕಾಗದದ ಮೇಲೆಯೇ ಉಳಿಯುತ್ತದೆ. ಟ್ರಾಕ್ಟರಿಗೆ ವಿಮೆ ಮಾಡಿಸಿ ಟ್ರೇಲರಿಗೆ ಮಾಡಿಸದಿರುವುದೂ ಸಾಮಾನ್ಯ.

ಎರವಲು ಬೈಕಿನದು ಇನ್ನೊಂದು ಕಥೆ. ಬಾಗಲಕೋಟೆ ಜಿಲ್ಲೆಯಲ್ಲಿ, ಇಳಕಲ್ಲಿನಿಂದ ಗುಡೂರಿಗೆ ಬೇರೊಬ್ಬನ ಬೈಕಿನಲ್ಲಿ ಹೋಗುತ್ತಿದ್ದವನೊಬ್ಬನು, ಕಬ್ಬಿಣದ ತಗಡು ಹೇರಿಕೊಂಡು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಾಗ ಅದಕ್ಕೆ ಹಾಯ್ದು ಸತ್ತನು. ಬೈಕನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ಮಾಲೀಕನು ತನ್ನ ವಿಮೆಯಿಂದ ತಾನೇ ಮೂರನೆಯವನಂತೆ ಪರಿಹಾರ ಪಡೆಯಲಾರನು ಎಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಅರಸೀಕೆರೆಯ ಕಡೆಗೆ ವೇಗದಿಂದ ಕಾರು ನಡೆಸಿ ಅದು ಮಗುಚಿ 2014ರಲ್ಲಿ ಮಡಿದವನ ಮನೆಯವರು 80 ಲಕ್ಷ ಕೇಳಿದ್ದರು. 2025ರ ಜುಲೈಯಲ್ಲಿ ಅವರಿಗೂ ಏನೂ ಸಿಗಲಿಲ್ಲ, ತಪ್ಪು ಅವನದೇ ಆದುದರಿಂದ. ಮಾಲೀಕನೇ ಚಾಲಕನಾಗಿದ್ದಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯುಂಟು. ಅದನ್ನು ಮಾಡಿಸಿರಬೇಕು, ಮತ್ತು ಅದು ಮಾಲೀಕನಿಗೆ ಮಾತ್ರ. ಬೈಕನ್ನು ನೆಂಟರಿಗೆ ಕೊಡುವಾಗ ಪೆಟ್ರೋಲಿನ ಮಾತಾಡುವ ನಾವು ಇದನ್ನು ಆಡುವುದಿಲ್ಲ.

ರಸ್ತೆಯನ್ನು ಬಿಟ್ಟು ತೋಟಕ್ಕೆ ಬರೋಣ. ತುಂಡಾಗಿ ಬಿದ್ದ ವಿದ್ಯುತ್ ತಂತಿಯನ್ನು ತುಳಿದು ಯಾರಾದರೂ ಸತ್ತರೆ ಯಾರ ತಪ್ಪೆಂದು ತೋರಿಸಬೇಕೆ? ಬೇಕಿಲ್ಲ. ಮಧ್ಯಪ್ರದೇಶದಲ್ಲಿ ಮಳೆಯ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದವನೊಬ್ಬನು ನೀರಿನಲ್ಲಿ ಬಿದ್ದಿದ್ದ ತಂತಿಯಿಂದ ಸತ್ತ ಪ್ರಕರಣದಲ್ಲಿ, ಬೇರೆ ಯಾರೋ ಕಳ್ಳತನದಿಂದ ತಂತಿ ಎಳೆದಿದ್ದರೆಂದು ವಿದ್ಯುತ್ ಮಂಡಳಿಯು ಹೇಳಿತು. ಅಪಾಯಕರವಾದ ಶಕ್ತಿಯನ್ನು ಸಾಗಿಸುವವನು ಅದರಿಂದಾದ ಹಾನಿಗೆ ತಾನೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಆದರೆ ಕೊನೆ ಕೊಯ್ಯುವವನ ದೋಟಿಯೇ ತಂತಿಗೆ ತಗಲಿದಾಗ ವಿವಾದವು ಬೇರೆಯಾಗುತ್ತದೆ. ತಂತಿಯು ಇರಬೇಕಾದ ಎತ್ತರದಲ್ಲಿತ್ತೇ, ಜೋಲುಬಿದ್ದಿತ್ತೇ, ಮೊದಲು ಯಾರಾದರೂ ದೂರು ಕೊಟ್ಟಿದ್ದರೇ ಎಂಬುವೆಲ್ಲ ಬರುತ್ತವೆ. ವಿದ್ಯುತ್ ಪರಿವೀಕ್ಷಕರ ವಿಚಾರಣೆಯ ವರದಿಯೇ ಇಲ್ಲಿ ಬೆನ್ನೆಲುಬು. ಅದು ಬರುವ ಮೊದಲೇ ತಂತಿಯನ್ನು ಬಿಗಿದುಬಿಡುವ ಸಂಭವವಿರುವುದರಿಂದ, ಅಂದೇ ನಾಲ್ಕು ಛಾಯಾಚಿತ್ರಗಳನ್ನು ತೆಗೆದಿಡುವುದೊಳ್ಳೆಯದು. ಇಂಥ ಪ್ರಕರಣಗಳು ಮೋಟಾರು ನ್ಯಾಯಾಧಿಕರಣಕ್ಕೆ ಹೋಗುವುದಿಲ್ಲ. 1855ರ ಕಾಯಿದೆಯಡಿ ಸಿವಿಲ್ ದಾವಾ ಹೂಡುವುದಾದರೆ ಮರಣದಿಂದ ಎರಡು ವರ್ಷದೊಳಗೆ ಹೂಡಬೇಕು. ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯದ ಶುಲ್ಕವೂ ಬೀಳುತ್ತದೆ. ಆ ಹಳೆಯ ಕಾಯಿದೆಯಲ್ಲಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳಿಗೆ ಮಾತ್ರ ಹಕ್ಕು. ಸತ್ತವನು ಸಾಕುತ್ತಿದ್ದ ತಮ್ಮನಿಗೆ ಇಲ್ಲ. ಮೋಟಾರು ಕಾಯಿದೆಯಲ್ಲಾದರೋ ತಮ್ಮನೂ ಕೇಳಬಹುದೆಂದು 1987ರಲ್ಲಿಯೇ ತೀರ್ಮಾನವಾಗಿದೆ.

ಕೆಲಸದ ಮೇಲಿದ್ದಾಗ ಆದ ಅಪಾಯಕ್ಕೆ ಕೆಲಸ ಕೊಟ್ಟವನು ಹೊಣೆ. ಇದಕ್ಕೆ 1923ರ ಕಾಯಿದೆಯಿತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನಕ್ಕೆ ಬಂದಿದೆ. ಇಲ್ಲಿ ಮಾಲೀಕನ ತಪ್ಪನ್ನು ತೋರಿಸಬೇಕಾಗಿಲ್ಲ, ಕೆಲಸದ ಸಂಬಂಧವನ್ನು ತೋರಿಸಿದರೆ ಸಾಕು. ಜಗಳೂರಿನಿಂದ ಹೋದ ಗಾರೆಕೆಲಸದವನಿಗೆ ಈ ಸಂಬಂಧವನ್ನು ತೋರಿಸುವುದೇ ಕಷ್ಟ. ಮೇಸ್ತ್ರಿಯು ಹಣ ಕಳುಹಿಸಿದ ದೂರವಾಣಿಯ ಸಂದೇಶವೂ ಅಲ್ಲಿ ಬೆಲೆಯುಳ್ಳದ್ದೇ. ಹಣ ತೆಗೆದುಕೊಂಡು ಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲಿ ಅಲಕ್ಷ್ಯವಾದರೆ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಆದರೆ ಕೆಟ್ಟ ಫಲವೆಲ್ಲ ಅಲಕ್ಷ್ಯವಲ್ಲ, ಅದನ್ನು ಇನ್ನೊಬ್ಬ ವೈದ್ಯರೇ ಹೇಳಬೇಕು. ಕಾಡುಪ್ರಾಣಿಯಿಂದಾದ ಸಾವಿಗೆ ಅರಣ್ಯ ಇಲಾಖೆಯು ಕೊಡುವುದು ಸರ್ಕಾರದ ಅನುಗ್ರಹಧನ. ನ್ಯಾಯಾಧಿಕರಣದ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ವಕೀಲರಿಗೆ ಎಷ್ಟು ಕೊಡಬೇಕು? "ಈಗ ಏನೂ ಬೇಡ, ಬಂದುದರಲ್ಲಿ ನೂರಕ್ಕೆ ಇಷ್ಟು" ಎಂದು ಆಸ್ಪತ್ರೆಯ ಅಂಗಳದಲ್ಲಿಯೇ ಮಾತಾಡುವ ಮಧ್ಯಸ್ಥರಿದ್ದಾರೆ. ಅಮೆರಿಕೆಯಲ್ಲಿ ಇದು ಒಪ್ಪಿತವಾದ ಪದ್ಧತಿ. ನಮ್ಮಲ್ಲಿ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಇದನ್ನು ನಿಷೇಧಿಸಿವೆ. ಫಲದಲ್ಲಿ ಪಾಲು ಕೇಳುವಂತಿಲ್ಲ. ಕೈಯಲ್ಲಿ ಹಣವಿಲ್ಲದವರು ಈ ಬಲೆಗೆ ಬೀಳುವುದು ಸಹಜ. ಆದರೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಕಾರ್ಮಿಕರಿಗೆ, ಅಂಗವಿಕಲರಿಗೆ 1987ರ ಕಾಯಿದೆಯ ಮೇರೆಗೆ ಉಚಿತವಾಗಿ ವಕೀಲರನ್ನು ಕೊಡಬೇಕು. ಗಮನಿಸಿರಿ: ಹೆಂಗಸರಿಗೆಂದರೆ ಆದಾಯವನ್ನು ನೋಡದೆ. ಗಂಡನನ್ನು ಕಳೆದುಕೊಂಡ ಪ್ರತಿಯೊಬ್ಬಳಿಗೂ ಈ ಹಕ್ಕುಂಟು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರಾಯಿತು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣವು ಬೇಗ ಬರುತ್ತದೆ, ಆದರೆ ಅದರ ಮೇಲೆ ಅಪೀಲಿಲ್ಲ. ಮೊದಲೇ ಮೇಲೆ ಹೇಳಿದಂತೆ ಲೆಕ್ಕ ಹಾಕಿಕೊಂಡು ಹೋದವರು ಅಲ್ಲಿ ನಷ್ಟಪಡುವುದಿಲ್ಲ.

ಕೊನೆಗೆ ಹಣ ಬಂದ ಮೇಲಿನ ಒಂದು ಪ್ರಶ್ನೆ. ಮಕ್ಕಳ ಪಾಲನ್ನು ಅವರು ಪ್ರಾಪ್ತವಯಸ್ಕರಾಗುವವರೆಗೆ ಬ್ಯಾಂಕಿನಲ್ಲಿ ಠೇವಣಿಯಿಡುವಂತೆಯೂ, ಓದುಬರಹವಿಲ್ಲದ ವಿಧವೆಯ ಪಾಲಿನಲ್ಲಿಯೂ ಒಂದು ಭಾಗವನ್ನು ಹಾಗೆಯೇ ಕೂಡಿಡುವಂತೆಯೂ ನ್ಯಾಯಾಧಿಕರಣವು ಆಜ್ಞೆ ಮಾಡುವುದುಂಟು. "ನಮ್ಮ ಹಣವನ್ನು ನಮಗೇ ಕೊಡರು" ಎಂದು ಕೆಲವರು ಸಿಡುಕುತ್ತಾರೆ. ಮೈದುನನ ಸಾಲಕ್ಕೂ ಭಾವನ ಕೊಳವೆಬಾವಿಗೂ ಆ ಹಣವು ಕರಗಿಹೋಗುವುದನ್ನು ಕಂಡೇ ಈ ಪದ್ಧತಿಯು ಬಂದಿದೆ. ಆದರೂ ಮಗಳ ಕಾಲೇಜಿನ ಶುಲ್ಕಕ್ಕೋ ಶಸ್ತ್ರಚಿಕಿತ್ಸೆಗೋ ನಿಜವಾಗಿಯೂ ಬೇಕಾದಾಗ, ಕಾರಣವನ್ನೂ ರಸೀದಿಯನ್ನೂ ತೋರಿಸಿ ಅದೇ ನ್ಯಾಯಾಧಿಕರಣಕ್ಕೆ ಅರ್ಜಿ ಕೊಟ್ಟರೆ, ಅವಧಿಗೆ ಮೊದಲೇ ಠೇವಣಿಯನ್ನು ಬಿಡಿಸಿಕೊಡುವ ಅಧಿಕಾರವು ಅದಕ್ಕೆ ಇದೆ. ಆ ಅರ್ಜಿಗೂ ತಾಲ್ಲೂಕು ಸಮಿತಿಯ ವಕೀಲರನ್ನೇ ಕೇಳಬಹುದು.